ಗೀಗೀ ಪದವನ್ನು ಹಿರಿಯರಿಂದ ಮಕ್ಕಳಿಗೆ ದಾಟಿಸುವ ಬಗೆ

ಹಾವೇರಿ, ಗದಗ ಸೀಮೆಯ ಹಳ್ಳಿಗಳಲ್ಲಿ ಗೀಗೀ ಪದವೆಂಬ ಜನಪದ ಹಾಡಿನ ಮೇಳ ನಡೆಸಿದ ಹಿರಿಯರಿಂದ ಮಕ್ಕಳಿಗೆ ಪದ ಕಲಿಸಬೇಕೆನ್ನುವವರು ಸುಗ್ಗಿ ಮುಗಿದು ಬಿಡುವಾಗುವ ದಿನಗಳನ್ನು ಆರಿಸಿಕೊಳ್ಳಬೇಕು. ಬಿತ್ತಿಗೆಯ ಹೊತ್ತಿನಲ್ಲಿ ಕರೆದರೆ ಯಾರೂ ಕೂಡುವುದಿಲ್ಲ.

ಮಕ್ಕಳನ್ನು ಮೊದಲೇ ಮುಖ್ಯ ಹಾಡುಗಾರರ ಜಾಗದಲ್ಲಿ ನಿಲ್ಲಿಸದೆ ಹಿಮ್ಮೇಳಕ್ಕೆ ಸೇರಿಸಿ, ಪದದ ಒಂದೊಂದು ನುಡಿ (ಚರಣ) ಮುಗಿಯುತ್ತಲೇ ‘ಗೀಯ ಗಾ ಗೀಯ’ ಎಂದು ದನಿಗೂಡಿಸಲು ಹಚ್ಚಬೇಕು, ಏಕೆಂದರೆ ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲಿ ಪದ ಎತ್ತಿಕೊಳ್ಳಬೇಕು ಎಂಬುದು ಅಲ್ಲಿ ನಿಂತಾಗಲೇ ಮೈಗೂಡುತ್ತದೆ. ಶಾಲೆಯ ಸ್ನೇಹಸಮ್ಮೇಳನಕ್ಕೆಂದು ಒಂದು ಪದವನ್ನು ಅವಸರದಲ್ಲಿ ಬಾಯಿಪಾಠ ಮಾಡಿಸುವುದು ಕಲಿಕೆಯಲ್ಲ.

ತಾಳ, ಒಂಟಿ ತಂತಿಯ ತುಂತುಣಿ ಕೈಗೆ ಬಂದ ಮೇಲೆ ಚರ್ಮ ಬಿಗಿದ ವಾದ್ಯವಾದ ದಪ್ಪು. ಥಂಡಿ ಹವೆಗೆ ಅದರ ಚರ್ಮ ಸಡಿಲಾಗಿ ನಾದ ಮಂಕಾಗುವುದರಿಂದ, ಬೆಂಕಿಯಿಂದ ತುಸು ದೂರದಲ್ಲಿ ಹಿಡಿದು, ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ಕೇಳುತ್ತ ಹದಕ್ಕೆ ತರುವುದನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಕಾವು ಹೆಚ್ಚಾದರೆ ಚರ್ಮ ಬಿರಿಯುತ್ತದೆ.

ಪದಗಳನ್ನು ಬರೆದುಕೊಳ್ಳುವಾಗ ಆಡುಮಾತನ್ನು ಗ್ರಂಥಭಾಷೆಗೆ ತಿದ್ದಬಾರದು. ತಿದ್ದಿದರೆ ಸಾಲು ಉದ್ದವಾಗಿ ತಾಳ ತಪ್ಪುತ್ತದೆ. ಕೊನೆಯ ನುಡಿಯಲ್ಲಿ ಕವಿಯ ಹೆಸರು, ಊರು ಬಂದರೆ ಅದನ್ನು ಬಿಡಬಾರದು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವುದಕ್ಕೂ ಮುನ್ನ ಹಾಡುವವರ ಒಪ್ಪಿಗೆ ಕೇಳಬೇಕು. ಮುಂದೆ ಓದಬಯಸುವ ಮಕ್ಕಳಿಗೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ.