ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಮೊಲದ ಆರೈಕೆ: ನೋವು, ಮೇವು, ಹಿಕ್ಕೆ

ಹೆಣ್ಣು ಮೊಲಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಗೆ ಕರೆತಂದವರು ಮೊದಲು ನೋಡುವುದು ಹೊಟ್ಟೆಯ ಮೇಲಿನ ಹೊಲಿಗೆಯನ್ನು. ಅದನ್ನು ನೋಡಬೇಕಾದದ್ದೇ; ಆದರೆ ಮೊದಲ ಮೂರು ದಿನ ಅದಕ್ಕಿಂತ ಹೆಚ್ಚು ಸಲ ನೋಡಬೇಕಾದದ್ದು ಅದು ಹಿಕ್ಕೆ ಹಾಕುವ ಲಿಟರ್ ಟ್ರೇಯನ್ನು. ಅಂಡಾಶಯವನ್ನೂ ಗರ್ಭಕೋಶವನ್ನೂ ತೆಗೆಯುವ ಈ ಶಸ್ತ್ರಚಿಕಿತ್ಸೆ ಹೊಟ್ಟೆಯನ್ನು ತೆರೆದು ಮಾಡುವಂಥದ್ದಾದ್ದರಿಂದ ನೋವು ಇದ್ದೇ ಇರುತ್ತದೆ. ನೋವಾದ ಮೊಲ ಮೇವು ಬಿಡುತ್ತದೆ. ಮೇವು ಬಿಟ್ಟರೆ ಕರುಳಿನ ಚಲನೆ ಕುಗ್ಗುತ್ತದೆ. ಕುಗ್ಗಿದ ಕರುಳಿನಲ್ಲಿ ಗಾಳಿ ತುಂಬಿ ನೋವು ಮತ್ತಷ್ಟು ಹೆಚ್ಚುತ್ತದೆ. ಪಶುವೈದ್ಯರು ಜಿಐ ಸ್ಟೇಸಿಸ್ ಎಂದು ಕರೆಯುವ ಸ್ಥಿತಿ ಇದೇ. ಹೊಲಿಗೆಯ ತೊಂದರೆಗಳಿಗೆ ಬಹುಪಾಲು ಸಮಯಾವಕಾಶ ಇರುತ್ತದೆ, ಇದಕ್ಕೆ ಇರುವುದಿಲ್ಲ. ಆದ್ದರಿಂದ ಮೊಲಕ್ಕೆ ನೋವು ನಿವಾರಕ ಕೊಡುವುದು ಬರಿಯ ಕರುಣೆಯ ಮಾತಲ್ಲ, ಅದು ಚಿಕಿತ್ಸೆಯ ತಿರುಳು.

ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಹಾಗಾಗಿ ಅರಿವಳಿಕೆಯಲ್ಲಿ ವಾಂತಿಯಾಗದಿರಲೆಂದು ನಾಯಿ, ಬೆಕ್ಕುಗಳನ್ನು ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ ಉಪವಾಸ ಇಡುವ ಕ್ರಮ ಇದಕ್ಕೆ ಸಲ್ಲದು. ಅದು ದಿನವೂ ತಿನ್ನುವ ಒಣಹುಲ್ಲು ಮತ್ತು ಸೊಪ್ಪನ್ನು ಆಸ್ಪತ್ರೆಗೇ ಒಯ್ದರೆ, ಅರಿವಳಿಕೆ ಇಳಿದ ಕೂಡಲೇ ಪರಿಚಿತ ಮೇವು ಅದರ ಮೂಗಿನ ಮುಂದಿರುತ್ತದೆ. ಮನೆಗೆ ಹೊರಡುವ ಮೊದಲು ವೈದ್ಯರಿಂದ ನಾಲ್ಕು ಸಂಗತಿಗಳನ್ನು ಬರೆಸಿಕೊಳ್ಳಿ: ಯಾವ ನೋವು ನಿವಾರಕ ಕೊಡಲಾಗಿದೆ, ಎಷ್ಟು ಗಂಟೆಗೆ ಕೊಡಲಾಗಿದೆ, ಮುಂದಿನ ಡೋಸ್ ಯಾವಾಗ, ಎಷ್ಟು ದಿನ. ಮನೆಗೆ ಕೊಡಲು ಔಷಧಿಯೇ ಇಲ್ಲವೆಂದು ಯಾರಾದರೂ ಹೇಳಿದರೆ ಸುಮ್ಮನೆ ಬರಬೇಡಿ, ಕೇಳಿ.

ಸಾಮಾನ್ಯವಾಗಿ ಬಳಸುವ ಔಷಧಿಗಳು ಎರಡು. ಬುಪ್ರೆನಾರ್ಫಿನ್ ಎಂಬುದು ಓಪಿಯಾಯ್ಡ್ ವರ್ಗದ್ದು, ಅಂದರೆ ಮಾರ್ಫಿನ್ ಜಾತಿಯ ಪ್ರಬಲ ನೋವು ನಿವಾರಕ. ಇದನ್ನು ಹೆಚ್ಚಾಗಿ ಆಸ್ಪತ್ರೆಯಲ್ಲೇ ಚುಚ್ಚುಮದ್ದಾಗಿ ಕೊಡುತ್ತಾರೆ, ಪರಿಣಾಮ ಸುಮಾರು 6ರಿಂದ 12 ಗಂಟೆ ಇರುತ್ತದೆ, ಅಷ್ಟು ಹೊತ್ತು ಮೊಲ ಸ್ವಲ್ಪ ಮಂಪರಿನಲ್ಲಿರಬಹುದು. ಮನೆಯಲ್ಲಿ ಬಾಯಿಗೆ ಹಾಕಲು ಕೊಡುವುದು ಮೆಲಾಕ್ಸಿಕ್ಯಾಮ್, ಇದು ನೋವನ್ನೂ ಊತವನ್ನೂ ತಗ್ಗಿಸುತ್ತದೆ. ಮೊಲದ ದೇಹ ಇದನ್ನು ನಾಯಿಗಿಂತ ಬೇಗ ಹೊರಹಾಕುವುದರಿಂದ ಪ್ರತಿ ಕಿಲೋ ತೂಕಕ್ಕೆ ಬೇಕಾಗುವ ಪ್ರಮಾಣ ನಾಯಿಯದಕ್ಕಿಂತ ಹಲವು ಪಟ್ಟು ಹೆಚ್ಚು. ನಾಯಿಯ ಲೆಕ್ಕದಲ್ಲಿ ಕೊಟ್ಟ ಡೋಸ್ ಮೊಲಕ್ಕೆ ಸಾಕಾಗದಿರುವುದಕ್ಕೂ, ಬಾಟಲಿಯ ಮೇಲಿನ ಅಳತೆ ನೋಡಿದವರು ವೈದ್ಯರು ಬರೆದದ್ದು ಜಾಸ್ತಿಯಾಯಿತೇನೋ ಎಂದು ಗಾಬರಿಯಾಗುವುದಕ್ಕೂ ಇದೇ ಕಾರಣ.

ಅಳೆಯುವಾಗ ಆಗುವ ತಪ್ಪು ಇನ್ನೂ ದೊಡ್ಡದು. ಮೆಲಾಕ್ಸಿಕ್ಯಾಮ್ ದ್ರಾವಣ ಒಂದು ಮಿಲಿಲೀಟರಿಗೆ 1.5 ಮಿಲಿಗ್ರಾಂ ಇರುವಂತೆಯೂ 0.5 ಮಿಲಿಗ್ರಾಂ ಇರುವಂತೆಯೂ ಸಿಗುತ್ತದೆ. ವೈದ್ಯರು 1.5 ಮಿಲಿಗ್ರಾಂ ಎಂದು ಬರೆದಿದ್ದರೆ ಮೊದಲನೆಯದರಲ್ಲಿ ಅದು 1 ಮಿಲಿಲೀಟರ್, ಎರಡನೆಯದರಲ್ಲಿ 3 ಮಿಲಿಲೀಟರ್. ಬಾಟಲಿಯ ಜೊತೆಗೆ ಬರುವ ಸಿರಿಂಜಿನ ಮೇಲೆ ಕೆಲವೊಮ್ಮೆ ಮಿಲಿಲೀಟರ್ ಬದಲು ನಾಯಿಯ ತೂಕದ ಗೆರೆಗಳಿರುತ್ತವೆ. ಅದನ್ನು ಪಕ್ಕಕ್ಕಿಟ್ಟು ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜನ್ನೇ ಬಳಸಿ. ಬಾಟಲಿಯನ್ನು ಚೆನ್ನಾಗಿ ಅಲುಗಿಸಿ, ಅಳೆದು, ದಿನವೂ ಒಂದೇ ಹೊತ್ತಿಗೆ ಕೊಡಿ. ಮೊಲ ನೀರನ್ನೂ ಮೇವನ್ನೂ ಪೂರ್ತಿ ಬಿಟ್ಟಿದ್ದರೆ ಮುಂದಿನ ಡೋಸ್‌ಗೆ ಮೊದಲೇ ವೈದ್ಯರಿಗೆ ಫೋನ್ ಮಾಡಿ, ಏಕೆಂದರೆ ದೇಹದಲ್ಲಿ ನೀರಿನಂಶ ಕಡಿಮೆಯಾದಾಗ ಈ ಔಷಧಿ ಮೂತ್ರಪಿಂಡಗಳಿಗೆ ಭಾರವಾಗುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನು ಅಂದಾಜಿನ ಮೇಲೆ ಕೊಡಬಾರದು. ಉಳಿದ ಆಂಟಿಬಯಾಟಿಕ್ ಇದ್ದರೆ ಅದನ್ನಂತೂ ಮುಟ್ಟಲೇಬೇಡಿ: ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳು ನಾಶವಾಗಿ ಪ್ರಾಣಕ್ಕೇ ಅಪಾಯ ಬರುತ್ತದೆ.

ಮೂರು ದಿನವೋ ಐದು ದಿನವೋ, ವೈದ್ಯರು ಹೇಳಿದಷ್ಟು ದಿನ ಔಷಧಿ ಮುಗಿಸಿ. ಎರಡನೆಯ ದಿನ ಮೊಲ ಸೊಪ್ಪು ತಿಂದಿತೆಂದು ಔಷಧಿ ನಿಲ್ಲಿಸುವುದು ತೀರ ಸಾಮಾನ್ಯವಾದ ತಪ್ಪು. ಅದು ತಿಂದದ್ದೇ ಔಷಧಿ ಕೆಲಸ ಮಾಡುತ್ತಿದ್ದುದರಿಂದ.

ಬೇಟೆಗೆ ಬಲಿಯಾಗುವ ಪ್ರಾಣಿಯಾದ ಮೊಲ ನೋವನ್ನು ಬಚ್ಚಿಡುತ್ತದೆ, ಕೂಗುವುದು ಅಪರೂಪ. 2012ರಲ್ಲಿ ಪ್ರಕಟವಾದ ಮೊಲದ ಮುಖಭಾವದ ಅಳತೆಗೋಲು ಐದು ಗುರುತುಗಳನ್ನು ಹೇಳುತ್ತದೆ: ಅರ್ಧ ಮುಚ್ಚಿ ಬಿಗಿದ ಕಣ್ಣು, ಚಪ್ಪಟೆಯಾದ ಕೆನ್ನೆ, ದುಂಡಗಿನ ಆಕಾರ ಬಿಟ್ಟು ಚೂಪಾದ ಮೂಗಿನ ಹೊಳ್ಳೆ, ಬಿರುಸಾಗಿ ನಿಂತ ಮೀಸೆ, ಮಡಿಸಿಕೊಂಡು ಹಿಂದಕ್ಕೆ ವಾಲಿದ ಕಿವಿ. ದೂರದಲ್ಲಿ ಕುಳಿತು, ಅದಕ್ಕೆ ಗೊತ್ತಾಗದಂತೆ ಹತ್ತು ನಿಮಿಷ ನೋಡಿ. ನೀವು ಹತ್ತಿರ ಹೋದರೆ ಅದು ನಟಿಸತೊಡಗುತ್ತದೆ. ಹೊಟ್ಟೆಯನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಬೆನ್ನು ಥಟ್ಟನೆ ಅದುರುವುದು, ಮೂಲೆಗೆ ಮುಖ ಮಾಡಿ ಮುದುಡಿ ಕೂರುವುದು, ಕೇಳಿಸುವಷ್ಟು ಜೋರಾಗಿ ಹಲ್ಲು ಕಡಿಯುವುದು ನೋವಿನ ಲಕ್ಷಣಗಳು. ತಲೆ ಸವರಿದಾಗ ಹಲ್ಲುಗಳಿಂದ ಬರುವ ಮೆಲುವಾದ ಕಟಕಟ ಸದ್ದು ಬೇರೆ, ಅದು ಹಿತವಾಗಿದ್ದಾಗಿನದು. ಇನ್ನೊಂದು ಸೂಕ್ಷ್ಮವಿದೆ: ಮೊಲ ಒಣಹುಲ್ಲಿನ ಹತ್ತಿರ ಬರುತ್ತದೆ, ಒಂದು ಕಡ್ಡಿಯನ್ನು ಬಾಯಿಗೆ ತೆಗೆದುಕೊಳ್ಳುತ್ತದೆ, ಎರಡು ಸಲ ಅಗಿದು ಹಾಗೆಯೇ ಹಿಡಿದು ನಿಲ್ಲುತ್ತದೆ, ಕಡ್ಡಿ ಜಾರಿ ಬೀಳುತ್ತದೆ. ನೋಡಿದವರು ‘ತಿನ್ನುತ್ತಿದೆ’ ಎಂದುಕೊಳ್ಳುತ್ತಾರೆ. ಅದು ತಿಂದಿಲ್ಲ. ಹಸಿವಿದೆ, ನೋವು ಬಿಡುತ್ತಿಲ್ಲ; ಹೇಳಬೇಕಾದದ್ದು ವೈದ್ಯರಿಗೆ.

ಹಿಕ್ಕೆಯ ಲೆಕ್ಕ ಹೀಗೆ. ಟ್ರೇಯಲ್ಲಿ ಬಿಳಿ ಕಾಗದ ಹಾಸಿ, ಬೆಳಿಗ್ಗೆ ಮತ್ತು ಸಂಜೆ ಬದಲಾಯಿಸಿ. ಮೊದಲ ದಿನ ಹಿಕ್ಕೆ ಕಡಿಮೆಯೂ ಸಣ್ಣದೂ ಇರುವುದು ಸಹಜ. ಎರಡನೆಯ, ಮೂರನೆಯ ದಿನಕ್ಕೆ ಸಂಖ್ಯೆ ಏರಿ, ಗಾತ್ರ ಮೊದಲಿನಂತೆ ದುಂಡಗಾಗಬೇಕು. ಸುಮಾರು 12 ಗಂಟೆ ಏನೂ ತಿನ್ನದಿದ್ದರೆ, ಅಥವಾ ಅಷ್ಟು ಹೊತ್ತು ಒಂದೂ ಹಿಕ್ಕೆ ಬೀಳದಿದ್ದರೆ ಬೆಳಗಾಗಲೆಂದು ಕಾಯಬಾರದು. ಅಡುಗೆಮನೆಯ ತಕ್ಕಡಿಯ ಮೇಲೆ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಟ್ಟರೆ ಊಹೆಗೆ ಎಡೆಯಿರುವುದಿಲ್ಲ.

ಮೊಲ ತಾನಾಗಿ ಸಾಕಷ್ಟು ತಿನ್ನದಿದ್ದರೆ ಸಿರಿಂಜಿನಿಂದ ತಿನ್ನಿಸಬೇಕಾಗುತ್ತದೆ. ಅದಕ್ಕೆ ಮೊದಲು ಹೊಟ್ಟೆಯ ಪಕ್ಕಗಳನ್ನು ಹಗುರವಾಗಿ ಮುಟ್ಟಿ ನೋಡಿ; ಚೆಂಡಿನಂತೆ ಉಬ್ಬಿ ಬಿಗಿದಿದ್ದರೆ ಏನೂ ತಿನ್ನಿಸದೆ ನೇರ ಆಸ್ಪತ್ರೆಗೆ ಹೋಗಿ, ಏಕೆಂದರೆ ಒಳಗೆ ತಡೆ ಇರಬಹುದು. ಇಲ್ಲವಾದರೆ ಮೊಲಗಳಿಗೆಂದೇ ಸಿಗುವ ನಾರಿನ ಚೇತರಿಕೆ ಪುಡಿಯನ್ನು, ಅದಿಲ್ಲದಿದ್ದರೆ ಮಾಮೂಲಿ ಪೆಲೆಟ್ಟನ್ನು (ಒಣ ಮೇವಿನ ಗುಳಿಗೆಯನ್ನು), ಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಟಿಲ್ಲದಂತೆ ಕಲಸಿ. ಮೊಲವನ್ನು ನೆಲದ ಮೇಲೆಯೇ ಕೂರಿಸಿ, ಟವೆಲ್ ಸುತ್ತಿ, ಹಿಂಭಾಗ ನಿಮ್ಮ ಮಡಿಲಿಗೆ ಒರಗುವಂತೆ ಹಿಡಿಯಿರಿ. ಎಂದಿಗೂ ಬೆನ್ನ ಮೇಲೆ ಮಲಗಿಸಬೇಡಿ. ಬಾಚಿಹಲ್ಲುಗಳ ಹಿಂದೆ ಹಲ್ಲಿಲ್ಲದ ಒಂದು ಜಾಗವಿದೆ. ಸಿರಿಂಜಿನ ತುದಿಯನ್ನು ಪಕ್ಕದಿಂದ ಅಲ್ಲಿಗೆ ತೂರಿಸಿ, ಒಂದು ಸಲಕ್ಕೆ ಅರ್ಧ ಅಥವಾ 1 ಮಿಲಿಲೀಟರ್ ಒತ್ತಿ, ಅದು ಅಗಿದು ನುಂಗುವುದನ್ನು ನೋಡಿದ ಮೇಲೆಯೇ ಮುಂದಿನದನ್ನು ಕೊಡಿ. ಅವಸರಪಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಪೂರ್ತಿ ತಿನ್ನಿಸಬೇಕಾದಾಗ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರನ್ನು ನಾಲ್ಕೈದು ಸಲಕ್ಕೆ ಹಂಚುವುದು ರೂಢಿ. ಒಣಹುಲ್ಲು ಯಾವಾಗಲೂ ಎದುರಿಗಿರಲಿ. ನೀರನ್ನು ಬಾಟಲಿಗಿಂತ ತಟ್ಟೆಯಲ್ಲಿಟ್ಟರೆ ಕತ್ತು ಎತ್ತುವ ಕಷ್ಟವಿಲ್ಲ.

ಗೂಡಿನೊಳಗೆ ಮಹಡಿ, ಏಣಿ, ಜಿಗಿಯುವ ಹಲಗೆ ಇದ್ದರೆ 10ರಿಂದ 14 ದಿನ ತೆಗೆದಿಡಿ. ಮರದ ಹೊಟ್ಟು ಗಾಯಕ್ಕೆ ಅಂಟುವುದರಿಂದ ಟವೆಲ್ ಹಾಸುವುದು ಮೇಲು. ಮೊಲದ ಸಹಜ ಉಷ್ಣತೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಅರಿವಳಿಕೆಯ ನಂತರ ಅದು ಇಳಿಯಬಹುದಾದ್ದರಿಂದ ಮೊದಲ ರಾತ್ರಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಬದಿಯಲ್ಲಿಡಿ, ಬಿಸಿ ಸಾಕೆನಿಸಿದಾಗ ದೂರ ಸರಿಯಲು ಇನ್ನೊಂದು ಬದಿ ಖಾಲಿ ಇರಲಿ. ಎತ್ತಿಕೊಳ್ಳುವುದನ್ನು ಔಷಧಿಯ ಹೊತ್ತಿಗಷ್ಟೇ ಸೀಮಿತಗೊಳಿಸಿ.

ಹೊಲಿಗೆಯನ್ನು ದಿನಕ್ಕೆರಡು ಸಲ ನೋಡಿದರೆ ಸಾಕು. ಅಂಚು ಸ್ವಲ್ಪ ಕೆಂಪಗಿರುವುದು, ತುಸು ಉಬ್ಬಿರುವುದು ಮೊದಲ ದಿನಗಳಲ್ಲಿ ಸಾಮಾನ್ಯ. ದಿನದಿಂದ ದಿನಕ್ಕೆ ಕೆಂಪು ಹೆಚ್ಚಿದರೆ, ಕೀವು ಅಥವಾ ವಾಸನೆ ಬಂದರೆ, ಅಂಚುಗಳು ಬಾಯಿ ಬಿಟ್ಟರೆ ತೋರಿಸಬೇಕು. ಪುಡಿ, ಮುಲಾಮು, ಸ್ಪಿರಿಟ್, ಸ್ನಾನ ಯಾವುದೂ ಬೇಡ. ಕತ್ತಿಗೆ ಹಾಕುವ ಕೋನ್ ಕಾಲರ್ ಬಗ್ಗೆ ನನಗೆ ಒಲವಿಲ್ಲ: ಮೊಲ ಪೋಷಕಾಂಶ ಉಳಿದಿರುವ ತನ್ನ ಮೃದು ಹಿಕ್ಕೆಯನ್ನು ಗುದದ್ವಾರದಿಂದಲೇ ನೇರವಾಗಿ ತಿನ್ನಬೇಕು, ಕಾಲರ್ ಅದಕ್ಕೆ ಅಡ್ಡಿ, ಜೊತೆಗೆ ಹೆದರಿಕೆಯಿಂದ ಮೇವನ್ನೂ ಬಿಡುತ್ತದೆ. ಹೊಲಿಗೆ ಕಚ್ಚುವ ಮೊಲಕ್ಕೆ ಮೈಗೆ ತೊಡಿಸುವ ಮೆತ್ತನೆಯ ಬಟ್ಟೆಯ ಬಗ್ಗೆ ವೈದ್ಯರನ್ನು ಕೇಳಿ.

ಮೂತ್ರ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗಿದರೆ ಅದು ರಕ್ತವೇ ಆಗಿರಬೇಕಿಲ್ಲ, ಮೊಲದ ಮೂತ್ರದಲ್ಲಿ ಅಂಥ ವರ್ಣದ್ರವ್ಯಗಳು ಇರುತ್ತವೆ. ಆದರೆ ಹನಿಹನಿಯಾಗಿ ರಕ್ತ ಬರುತ್ತಲೇ ಇದ್ದರೆ, ಒಸಡು ಬಿಳಿಚಿದ್ದರೆ, ಕಿವಿ ತಣ್ಣಗಾಗಿ ಮೊಲ ಕುಸಿದು ಮಲಗಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದೇ ಕ್ಷಣ ಹೊರಡಬೇಕು.

ಜೋಡಿ ಮೊಲವಿದ್ದರೆ ಪೂರ್ತಿ ಬೇರ್ಪಡಿಸದೆ, ಜಾಲರಿಯ ಆಚೀಚೆ ಒಂದನ್ನೊಂದು ಮೂಸುವಂತೆ ಇಡುವುದು ಒಳ್ಳೆಯದು. ಆಸ್ಪತ್ರೆಯ ವಾಸನೆ ಹೊತ್ತು ಬಂದದ್ದನ್ನು ಹಳೆಯ ಗೆಳೆಯನೇ ಗುರುತಿಸದೆ ಕಚ್ಚುವುದುಂಟು. ಜೊತೆಗಾರ ಗಂಡಾಗಿದ್ದು ಮೈಮೇಲೆ ಹತ್ತುವ ಸ್ವಭಾವದ್ದಾದರೆ ಎರಡು ವಾರ ಜಾಲರಿ ತೆಗೆಯಬೇಡಿ. ಹೊರಗೆ ಕಾಣುವ ಹೊಲಿಗೆಗಳನ್ನು 10ರಿಂದ 14ನೆಯ ದಿನದ ನಡುವೆ ತೆಗೆಯುತ್ತಾರೆ. ಚರ್ಮದೊಳಗೆ ಕರಗುವ ದಾರ ಹಾಕಿದ್ದರೂ ಆ ದಿನ ಒಮ್ಮೆ ತೋರಿಸಿ, ಗಾಯ ಕೂಡಿದೆಯೆಂದು ವೈದ್ಯರು ಹೇಳಿದ ಮೇಲೆ ಏಣಿಯನ್ನೂ ಹಲಗೆಯನ್ನೂ ಗೂಡಿಗೆ ಮರಳಿಸಬಹುದು.