ಅಂಗಾಲಿನ ಕಪ್ಪು ಕಲೆಯನ್ನು ದೂರದ ಡಾಕ್ಟರಿಗೆ ತೋರಿಸುವುದು ಹೇಗೆ?

ಚರ್ಮದ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಫೋನಿನಲ್ಲಿ ಬರುವ ಫೋಟೊಗಳನ್ನು ಮೊದಲು ತೆರೆದು ನೋಡುವವಳು ನಾನು. ಎಷ್ಟೋ ಫೋಟೊಗಳಿಗೆ ‘ಇನ್ನೊಮ್ಮೆ ತೆಗೆದು ಕಳಿಸಿ’ ಅಂತ ಉತ್ತರ ಹಾಕಬೇಕಾಗುತ್ತದೆ. ಒಂದು ಸಲ ಬಂದ ಅಂಗಾಲಿನ ಫೋಟೊದಲ್ಲಿ ಕಲೆಯ ಮೇಲೆ ಅರಿಶಿನ ಮೆತ್ತಿತ್ತು. ತೊಳೆದು ಮತ್ತೆ ತೆಗೆಯಿರಿ ಎಂದೆವು. ಎರಡನೇ ಫೋಟೊ ಬಂದಿದ್ದು ಮೂರು ವಾರದ ಮೇಲೆ. ಆ ಮೂರು ವಾರ ಉಳಿಯಬೇಕಿತ್ತು ಅನ್ನುವುದು ಇವತ್ತಿಗೂ ನನ್ನ ತಲೆಯಲ್ಲಿದೆ.

ಹಂತ 1: ಏನನ್ನು ತೋರಿಸಬೇಕು

ನಮ್ಮಂಥ ಕಂದು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬರುವುದೇ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಬಿಳಿಯರಿಗೆ ಹೋಲಿಸಿದರೆ ಕಡಿಮೆ, ಅದು ನಿಜ. ಆದರೆ ಬರುತ್ತದೆ, ಅದೂ ಯಾರೂ ಹುಡುಕದ ಜಾಗದಲ್ಲಿ. ಮೆಲನೋಮ ಅನ್ನುವ ಕೆಟ್ಟ ಕ್ಯಾನ್ಸರ್ ನಮ್ಮವರಲ್ಲಿ ಹೆಚ್ಚಾಗಿ ಕಾಣುವುದು ಅಂಗಾಲು, ಅಂಗೈ, ಉಗುರಿನ ಕೆಳಗೆ. ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾಗಿದ್ದು ಕಾಲ್ಬೆರಳಿನ ಉಗುರಿನ ಕೆಳಗೇ. 1981ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ಹಾಗಾಗಿ ಇವುಗಳನ್ನು ತೋರಿಸಿ: ಅಂಗಾಲಿನಲ್ಲಿ ಹೊಸದಾಗಿ ಬಂದು ಹರಡುತ್ತಿರುವ ಕಪ್ಪು ಕಲೆ. ಅಗಲವಾಗುತ್ತಾ ಹೋಗುವ ಉಗುರಿನ ಕಪ್ಪು ಗೆರೆ, ಅದರಲ್ಲೂ ಬಣ್ಣ ಉಗುರು ದಾಟಿ ಪಕ್ಕದ ಚರ್ಮಕ್ಕೆ ಇಳಿದಿದ್ದರೆ. ಮುಖದ ಮೇಲೆ ಪದೇ ಪದೇ ರಕ್ತ ಬಂದು ಹಕ್ಕಳೆ ಕಟ್ಟುವ ಗುಳ್ಳೆ. ತಿಂಗಳಾದರೂ ಮಾಯದ ಹುಣ್ಣು. ಹಳೆಯ ಸುಟ್ಟ ಗಾಯದ ಕಲೆಯೊಳಗೆ ಹುಣ್ಣು ಎದ್ದಿದ್ದರೆ ತಡ ಮಾಡಲೇಬೇಡಿ. ಎಷ್ಟೋ ವರ್ಷದ ಹಿಂದೆ ಸುಟ್ಟ ಜಾಗದಲ್ಲೂ ಕ್ಯಾನ್ಸರ್ ಹುಟ್ಟಬಹುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಪ್ಪು ಕಲೆಯನ್ನು ಆಣಿ ಅಂದುಕೊಂಡು ಅಂಗಡಿಯಿಂದ ಕಾರ್ನ್ ಕ್ಯಾಪ್ ತಂದು ಅಂಟಿಸಬೇಡಿ. ಸುಣ್ಣ–ಸೋಡ ಹಚ್ಚಿ ಸುಡಬೇಡಿ. ಆನ್‌ಲೈನಿನಲ್ಲಿ ಸಿಗುವ ಮಚ್ಚೆ ತೆಗೆಯುವ ಕ್ರೀಮಂತೂ ಬೇಡವೇ ಬೇಡ. ಮೇಲಿನದು ಸುಟ್ಟುಹೋಗುತ್ತದೆ, ಕೆಳಗಿನದು ಬೆಳೆಯುತ್ತಲೇ ಇರುತ್ತದೆ, ಡಾಕ್ಟರಿಗೆ ನೋಡಲು ಏನೂ ಉಳಿದಿರುವುದಿಲ್ಲ.

ಹಂತ 2: ಫೋಟೊ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಜಾಗವನ್ನು ತೊಳೆದು ಒರೆಸಿ. ಎಣ್ಣೆ, ಅರಿಶಿನ, ಮುಲಾಮು, ನೇಲ್ ಪಾಲಿಶ್, ಮೆಹಂದಿ ಯಾವುದೂ ಇರಬಾರದು. ಹಕ್ಕಳೆ ಇದ್ದರೆ ಕೀಳಬೇಡಿ, ಹಾಗೇ ಬಿಡಿ. ಆಮೇಲೆ ಫೋನಿನ ಲೆನ್ಸನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಮಂಜು ಮಂಜಾಗಿ ಬರುವ ಎಷ್ಟೋ ಫೋಟೊಗಳಿಗೆ ಕಾರಣ ಲೆನ್ಸಿನ ಮೇಲಿನ ಬೆರಳಿನ ಜಿಡ್ಡು, ಅಷ್ಟೇ.

ಬೆಳಕಿಗೆ ಹಗಲು ಹೊತ್ತು ಕಿಟಕಿಯ ಪಕ್ಕ ಕೂತರೆ ಸಾಕು. ನೇರ ಬಿಸಿಲು ಬೇಡ, ಫ್ಲ್ಯಾಶ್ ಬೇಡ, ರಾತ್ರಿ ಬಲ್ಬಿನ ಕೆಳಗೆ ಬೇಡ. ಹಳದಿ ಬಲ್ಬಿನಲ್ಲಿ ಕಪ್ಪು ಯಾವುದು, ಕಂದು ಯಾವುದು, ನೀಲಿ ಯಾವುದು ಅಂತ ಗೊತ್ತಾಗುವುದಿಲ್ಲ, ಡಾಕ್ಟರು ಮೊದಲು ನೋಡುವುದೇ ಆ ಬಣ್ಣಗಳನ್ನು. ಬ್ಯೂಟಿ ಮೋಡ್, ಫಿಲ್ಟರ್ ಎಲ್ಲ ಆಫ್ ಮಾಡಿ. ಕಾಲಿನ ಕೆಳಗೆ ಬಿಳಿ ಬಟ್ಟೆ ಹಾಸಬೇಡಿ, ಕ್ಯಾಮೆರಾ ಆ ಬಿಳಿಗೆ ಹೊಂದಿಕೊಂಡು ಚರ್ಮವನ್ನು ಇನ್ನೂ ಕಪ್ಪಾಗಿಸುತ್ತದೆ. ತಿಳಿ ನೀಲಿ ಅಥವಾ ಬೂದು ಬಣ್ಣದ ಬಟ್ಟೆ ಒಳ್ಳೆಯದು.

ನಿಮ್ಮ ಅಂಗಾಲನ್ನು ನೀವೇ ತೆಗೆಯಲು ಹೋಗಬೇಡಿ, ಮನೆಯವರ ಕೈಗೆ ಫೋನ್ ಕೊಟ್ಟು ಕಾಲನ್ನು ಸ್ಟೂಲಿನ ಮೇಲಿಡಿ. ನಾಲ್ಕು ಫೋಟೊ ಬೇಕು. ಒಂದು ದೂರದಿಂದ, ಇದು ಎಡಗಾಲೋ ಬಲಗಾಲೋ ಎಂದು ತಿಳಿಯುವ ಹಾಗೆ. ಎರಡನೆಯದು ಒಂದು ಗೇಣು ದೂರದಿಂದ, ನೇರವಾಗಿ. ಮೂರನೆಯದು ಅದೇ ದೂರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ನಾಲ್ಕನೆಯದು ಓರೆಯಾಗಿ, ಉಬ್ಬಿದೆಯೋ ಚಪ್ಪಟೆಯೋ ತಿಳಿಯಲು. ಸ್ಕೇಲ್ ಬದಲು ಒಂದು ರೂಪಾಯಿ ನಾಣ್ಯ ಇಡುತ್ತಾರೆ. ಹಳೆಯ ನಾಣ್ಯ ದೊಡ್ಡದು, 2019ರ ನಂತರದ್ದು 20 ಮಿಲಿಮೀಟರ್, ಇದರಲ್ಲಿ ಯಾವುದನ್ನು ನಂಬುವುದು? ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲೇ ಇಡಿ.

ಫೋನನ್ನು ಚರ್ಮಕ್ಕೆ ಅಂಟಿಸುವಷ್ಟು ಹತ್ತಿರ ತರಬೇಡಿ, ಫೋಕಸ್ ತಪ್ಪುತ್ತದೆ. ಪರದೆಯಲ್ಲಿ ಕಲೆಯ ಮೇಲೆ ಒಮ್ಮೆ ಬೆರಳಿಟ್ಟು, ಉಸಿರು ಬಿಗಿಹಿಡಿದು ತೆಗೆಯಿರಿ. ಸರಿಯಾಗಿ ಬಂದಿದೆಯಾ ಅಂತ ನೋಡಲು ನನ್ನದೊಂದು ಪರೀಕ್ಷೆ ಇದೆ. ಫೋಟೊವನ್ನು ದೊಡ್ಡದು ಮಾಡಿದಾಗ ಅಂಗಾಲಿನ ಸಣ್ಣ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣಬೇಕು. ಈ ಗೆರೆಗಳು ಸುಮ್ನೆ ಅಲ್ಲ. ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ, ದಿಬ್ಬ, ಸಾಲು, ಮತ್ತೆ ದಿಬ್ಬ. ಸಾಮಾನ್ಯ ಮಚ್ಚೆಯ ಬಣ್ಣ ಹೆಚ್ಚಾಗಿ ಸಾಲಿನಲ್ಲಿ ಕೂತಿರುತ್ತದೆ, ಮೆಲನೋಮದ್ದು ದಿಬ್ಬದ ಮೇಲೆ. ಇದನ್ನು ಗಟ್ಟಿಯಾಗಿ ಹೇಳಲು ಸುಮಾರು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಡರ್ಮೊಸ್ಕೋಪ್ ಬೇಕು, ಫೋನಿಗೆ ಆಗುವುದಿಲ್ಲ. ಆದರೂ ಗೆರೆಯೇ ಕಾಣದ ಫೋಟೊದಿಂದ ಡಾಕ್ಟರಿಗೆ ಏನೂ ಸಿಗುವುದಿಲ್ಲ.

ಹಂತ 3: ಕಳಿಸುವುದು

ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಫೋಟೊವನ್ನು ಕುಗ್ಗಿಸುತ್ತದೆ. ಜೊತೆಗೆ ನಾಲ್ಕು ಸಾಲು ಬರೆಯಿರಿ. ಹೀಗೆ: ‘ವಯಸ್ಸು 58, ಹೆಂಗಸು. ಬಲ ಅಂಗಾಲಿನ ಹಿಮ್ಮಡಿ. ಎಂಟು ತಿಂಗಳಿಂದ ಇದೆ, ಎರಡು ತಿಂಗಳಿಂದ ಬೆಳೆಯುತ್ತಿದೆ. ಒಮ್ಮೆ ರಕ್ತ ಬಂದಿದೆ. ತೊಡೆಸಂದಿಯಲ್ಲಿ ಗಂಟು ಇಲ್ಲ. ಸಕ್ಕರೆ ಕಾಯಿಲೆ ಇದೆ.’ ಏನಾದರೂ ಹಚ್ಚಿದ್ದರೆ, ಸುಟ್ಟಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ.

ಹಂತ 4: ಮಾತಾಡುವುದು

ಸರ್ಕಾರದ ಇ–ಸಂಜೀವಿನಿಯಲ್ಲಿ ದುಡ್ಡಿಲ್ಲದೆ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡಬಹುದು. ವಿಡಿಯೊದಲ್ಲಿ ಕಲೆ ಚೆನ್ನಾಗಿ ಕಾಣುವುದಿಲ್ಲ, ಆದ್ದರಿಂದ ಫೋಟೊ ಮೊದಲೇ ತೆಗೆದಿಟ್ಟುಕೊಂಡಿರಿ. ಖಾಸಗಿ ಡಾಕ್ಟರಾದರೆ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇದೆಯಾ ನೋಡಿ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಅದು ಇರಲೇಬೇಕು. ಫೋಟೊ ಹಾಕಿದರೆ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುತ್ತೇವೆ ಅನ್ನುವ ಆ್ಯಪ್‌ಗಳನ್ನು ನಂಬಬೇಡಿ. ಅಂಥ ಎಷ್ಟೋ ಆ್ಯಪ್‌ಗಳು ಕಲಿತಿರುವುದು ಹೆಚ್ಚಾಗಿ ಬಿಳಿ ಚರ್ಮದ ಫೋಟೊಗಳಿಂದ.

ಹಂತ 5: ‘ಬನ್ನಿ’ ಅಂದರೆ ಹೋಗಿ

ಫೋಟೊ ನೋಡಿ ಡಾಕ್ಟರು ಹೇಳುವುದು ಅನುಮಾನ ಇದೆಯೋ ಇಲ್ಲವೋ, ಎಷ್ಟು ಬೇಗ ಬರಬೇಕು ಅನ್ನುವುದನ್ನು. ಕ್ಯಾನ್ಸರ್ ಅಂತ ತೀರ್ಮಾನಿಸುವುದು ಬಯಾಪ್ಸಿ. ಜಾಗವನ್ನು ಮರಗಟ್ಟಿಸಿ ಚರ್ಮದ ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಚಾಕು ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಮನೆಯ ಹಿರಿಯರು ತಡೆಯುತ್ತಾರೆ. ಅದು ಸುಳ್ಳು, ದಯವಿಟ್ಟು ಅವರನ್ನು ಕೂರಿಸಿಕೊಂಡು ಹೇಳಿ. ಮೆಲನೋಮ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಒಂದು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಎಷ್ಟೋ ಸಲ ಆಪರೇಷನ್ ಒಂದರಲ್ಲೇ ಮುಗಿಯುತ್ತದೆ. ಇನ್ನು, ಯಾರೇ ಆಗಲಿ ಮಚ್ಚೆಯನ್ನು ಲೇಸರಿನಲ್ಲಿ ಸುಟ್ಟುಬಿಡೋಣ ಅಂದರೆ ‘ಮೊದಲು ಬಯಾಪ್ಸಿ ಮಾಡಿ’ ಅಂತ ನೀವೇ ಕೇಳಿ.

‘ಏನೂ ಇಲ್ಲ, ಗಾಬರಿ ಬೇಡ’ ಅಂತ ಉತ್ತರ ಬಂದರೂ ಆ ನಾಲ್ಕು ಫೋಟೊ ಅಳಿಸಬೇಡಿ. ಮೂರು ತಿಂಗಳ ಮೇಲೆ ಅದೇ ಕಿಟಕಿ, ಅದೇ ಸ್ಕೇಲ್ ಇಟ್ಟು ಮತ್ತೆ ತೆಗೆದು ಎರಡನ್ನೂ ಅಕ್ಕಪಕ್ಕ ನೋಡಿ. ಅದಕ್ಕೂ ಮೊದಲೇ ಬೆಳೆದರೆ, ರಕ್ತ ಬಂದರೆ ಮೂರು ತಿಂಗಳು ಕಾಯಬೇಡಿ, ಅವತ್ತೇ ಕಳಿಸಿ.