ಜೋಡಿ ಕಾರ್ಬ್ಯುರೇಟರ್: ಮೊದಲು ಗಾಳಿ, ಆಮೇಲೆ ಪೆಟ್ರೋಲ್

ಮಳೆಗಾಲ ಕಳೆದು ಕೊಡಗಿನ ತೋಟದ ಮನೆಗಳ ಶೆಡ್ಡುಗಳಿಂದ ಹಳೆಯ ಕಾರುಗಳು ಹೊರಬರುವ ಹೊತ್ತಿಗೆ ಒಂದೇ ದೂರು ಕೇಳಿಬರುತ್ತದೆ: ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಐಡ್ಲಿಂಗ್‌ನಲ್ಲಿ (ಕಾಲು ತೆಗೆದಾಗಿನ ನಿಧಾನ ಓಟದಲ್ಲಿ) ಸ್ಥಿರವಾಗಿ ನಿಲ್ಲುವುದಿಲ್ಲ, ಏರು ರಸ್ತೆಯಲ್ಲಿ ಎಳೆಯುವುದಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್‌ಗಳು ಎರಡಿರುವ, ಎಂಜಿ ಬಿಯಂತಹ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಾದರೆ, ಸ್ಪಾನರ್ ಹಿಡಿದವರು ಮೊದಲು ಕೈಹಾಕುವುದು ಪೆಟ್ರೋಲಿನ ಪ್ರಮಾಣ ಹೊಂದಿಸುವ ಜೆಟ್ ನಟ್‌ಗೆ. ಕೆಲಸ ಕೆಡುವುದು ಅಲ್ಲಿಯೇ. ಎರಡೂ ಕಾರ್ಬ್ಯುರೇಟರ್‌ಗಳು ಸಮನಾಗಿ ಗಾಳಿ ಎಳೆಯದಿರುವಾಗ ಪೆಟ್ರೋಲ್ ಎಷ್ಟು ಹೊಂದಿಸಿದರೂ ಎಂಜಿನ್ ನೆಟ್ಟಗಾಗುವುದಿಲ್ಲ.

ವಾಲ್ವ್ ತೆರೆಯುವ ಟ್ಯಾಪೆಟ್, ಪ್ಲಗ್, ಕಿಡಿಯ ಟೈಮಿಂಗ್ ಸರಿಯಿವೆಯೆಂದು ಮೊದಲು ಖಚಿತಪಡಿಸಿಕೊಳ್ಳಿ. ಎಂಜಿ ಬಿಯಲ್ಲಿ ಟ್ಯಾಪೆಟ್ ಗ್ಯಾಪ್ 0.015 ಇಂಚು, ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಪಾಯಿಂಟ್‌ಗೂ ಹೆಚ್ಚುಕಡಿಮೆ ಅಷ್ಟೇ.

ಏರ್ ಫಿಲ್ಟರ್ ಬಿಚ್ಚಿ, ಕಾರ್ಬ್ಯುರೇಟರ್‌ಗಳೊಳಗಿನ ಪಿಸ್ಟನ್‌ಗಳನ್ನು ಬೆರಳಿನಿಂದ ಎತ್ತಿ ಬಿಡಿ. ಕೆಳಗೆ ಬಿದ್ದಾಗ ‘ಟಕ್’ ಎಂಬ ಸ್ಪಷ್ಟ ಸದ್ದು ಬರಬೇಕು. ನಮ್ಮ ತೇವದಲ್ಲಿ ನಾಲ್ಕು ತಿಂಗಳು ನಿಂತ ಕಾರಿನಲ್ಲಿ ಪಿಸ್ಟನ್ ಅಂಟಿಕೊಂಡಿರುವುದು ಸಾಮಾನ್ಯ. ಪಿಸ್ಟನ್‌ಗಳನ್ನು ಹೊರತೆಗೆದು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು, ಉಪ್ಪುಕಾಗದ ಖಂಡಿತ ಬೇಡ. ಒಂದರ ಪಿಸ್ಟನ್ನನ್ನು ಇನ್ನೊಂದಕ್ಕೆ ಹಾಕಲೂಬೇಡಿ. ಪಿಸ್ಟನ್ ಹೊರಗಿರುವಾಗಲೇ, ಪೆಟ್ರೋಲ್ ಬರುವ ಸಣ್ಣ ಕೊಳವೆಯಾದ ಜೆಟ್ಟನ್ನು ಬ್ರಿಜ್‌ನ (ಅದರ ಸುತ್ತಲಿನ ಸಮತಟ್ಟು ದಿಬ್ಬದ) ಮಟ್ಟಕ್ಕೆ ಏರಿಸಿ, ಅಲ್ಲಿಂದ ನಟ್ಟನ್ನು ಎರಡು ಸುತ್ತು ಕೆಳಗಿಳಿಸಿ. ಪಿಸ್ಟನ್ ಏರುವ ವೇಗವನ್ನು ತಡೆಯುವ ಡ್ಯಾಂಪರ್‌ಗೆ ಎಸ್‌ಎಇ 20 ಎಣ್ಣೆಯನ್ನೇ ಹಾಕಬೇಕೆಂಬುದು ನನ್ನ ದೃಢ ಅಭಿಪ್ರಾಯ. ಹೊಲಿಗೆ ಯಂತ್ರದ ಎಣ್ಣೆ ತೀರಾ ತೆಳು. ಆಕ್ಸಿಲರೇಟರ್ ಒತ್ತಿದಾಗ ಪಿಸ್ಟನ್ ತಟ್ಟನೆ ಮೇಲೇರಿ ಎಂಜಿನ್ ಮುಗ್ಗರಿಸುತ್ತದೆ.

ಇನ್ನು ಮುಖ್ಯ ಕೆಲಸ. ಎರಡು ಕಾರ್ಬ್ಯುರೇಟರ್‌ಗಳನ್ನು ಜೋಡಿಸುವ ಥ್ರಾಟಲ್ ಸರಳಿನ ಕ್ಲಾಂಪ್‌ಗಳನ್ನೂ ಚೋಕ್ ಸರಳಿನ ಕ್ಲಾಂಪ್‌ಗಳನ್ನೂ ಸಡಿಲಿಸಿ. ಇದನ್ನು ಬಿಟ್ಟರೆ ಒಂದು ಸ್ಕ್ರೂ ತಿರುಗಿಸಿದಾಗ ಎರಡೂ ಚಿಟ್ಟೆಗಳು (ಗಾಳಿಯ ದಾರಿ ತೆರೆದು ಮುಚ್ಚುವ ಬಿಲ್ಲೆಗಳು) ಅಲುಗುತ್ತವೆ, ಎಷ್ಟು ಹೊತ್ತು ಹೆಣಗಿದರೂ ಅಳತೆ ಸಿಗುವುದಿಲ್ಲ. ಐಡ್ಲಿಂಗ್ ಸ್ಕ್ರೂಗಳೆರಡನ್ನೂ ಪೂರ್ತಿ ಹಿಂದೆಗೆದು, ತಾಗಿದ ಕ್ಷಣದಿಂದ ಒಂದೊಂದು ಸುತ್ತು ಒಳಗೆ ತಿರುಗಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಬಳಿಕ ಒಂದೂವರೆ ಅಡಿ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬ್ಯುರೇಟರ್ ಬಾಯಿಯ ಅಂಚಿಗೆ ಹಿಡಿಯಿರಿ. ಹಾವು ಬುಸುಗುಟ್ಟಿದಂತಹ ಸದ್ದು ಕೇಳಿಸುತ್ತದೆ. ಇನ್ನೊಂದರಲ್ಲಿಯೂ ಅದೇ ಜಾಗದಲ್ಲಿ, ಅದೇ ಆಳದಲ್ಲಿ ಹಿಡಿಯಬೇಕು. ಕಾಲು ಇಂಚು ಸರಿದರೂ ಸದ್ದು ಬದಲಾಗುತ್ತದೆ. ಜೋರಾಗಿರುವುದರ ಸ್ಕ್ರೂವನ್ನು ಕೂದಲೆಳೆಯಷ್ಟು ಸಡಿಲಿಸಿ, ಮೆಲ್ಲಗಿರುವುದನ್ನು ಅಷ್ಟೇ ಬಿಗಿಮಾಡಿ, ಸುಮಾರು 800 ಆರ್‌ಪಿಎಂನಲ್ಲಿ ಎರಡೂ ಒಂದೇ ಸ್ವರದಲ್ಲಿ ಉಸಿರಾಡುವವರೆಗೆ ಮುಂದುವರಿಸಿ. ಗಾಳಿ ಅಳೆಯುವ ಮೀಟರ್ ಇದ್ದರೆ ಬಳಸಬಹುದು. ಆದರೆ ಹಗುರ ಪ್ಲಾಸ್ಟಿಕ್ಕಿನ, ಬಾಯಿಗೆ ಸರಿಯಾಗಿ ಕೂರದ ಅಗ್ಗದ ಮೀಟರಿಗಿಂತ ಈ ಪೈಪೇ ನಂಬಿಕಸ್ಥ.

ಈಗ ಮಿಶ್ರಣ. ಕಾರ್ಬ್ಯುರೇಟರ್‌ನಲ್ಲಿರುವ ಎತ್ತುವ ಪಿನ್ನಿನಿಂದ ಒಂದು ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು, ನಟ್ಟನ್ನು ಮೇಲಕ್ಕೆ ತಿರುಗಿಸಿ. ತಕ್ಷಣ ಕುಸಿದರೆ ಕಡಿಮೆ, ಕೆಳಕ್ಕೆ ತಿರುಗಿಸಿ. ಕ್ಷಣಕಾಲ ತುಸು ಏರಿ ಇಳಿದರೆ ಸರಿ. ಒಂದು ಸಲಕ್ಕೆ ನಟ್ಟಿನ ಒಂದೇ ಮುಖ, ಅಂದರೆ ಸುತ್ತಿನ ಆರನೇ ಒಂದು ಭಾಗ. ಇನ್ನೊಂದಕ್ಕೂ ಹೀಗೆಯೇ ಮಾಡಿ, ಬುಸುಗುಟ್ಟುವ ಸದ್ದನ್ನು ಮತ್ತೊಮ್ಮೆ ಹೋಲಿಸಿ.

ಬಹಳ ಮಂದಿ ಕೊನೆಯಲ್ಲಿ ಕ್ಲಾಂಪ್ ಬಿಗಿಸುವಾಗ ಎಲ್ಲವನ್ನೂ ಕೆಡಿಸಿಕೊಳ್ಳುತ್ತಾರೆ. ಎಂಜಿನ್ ಆರಿಸಿ, ಥ್ರಾಟಲ್ ಸರಳಿನ ಎರಡೂ ಲಿವರ್‌ಗಳ ಪಿನ್ನಿನ ಕೆಳಗೆ 0.012 ಇಂಚಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು, ಸರಳು ತಿರುಗದಂತೆ ಹಿಡಿದು ಬಿಗಿಸಿ. ಬಳಿಕ 1500 ಆರ್‌ಪಿಎಂನಲ್ಲಿ ಪೈಪಿನಿಂದ ಕೇಳಿ. ಅಲ್ಲಿಯೂ ಸದ್ದು ಸಮನಾಗಿದ್ದರೆ ಮಾತ್ರ ಎರಡೂ ಒಟ್ಟಿಗೆ ತೆರೆಯುತ್ತಿವೆ ಎಂದರ್ಥ.

ಕಾರು ಎಲ್ಲಿ ಓಡುತ್ತದೆಯೋ ಅಲ್ಲಿಯೇ ಟ್ಯೂನ್ ಮಾಡಬೇಕು. ಸಾವಿರ ಮೀಟರಿಗಿಂತ ಎತ್ತರದ ಮಡಿಕೇರಿಯಲ್ಲಿ ಗಾಳಿ ತೆಳುವಾಗಿರುವುದರಿಂದ ಮಂಗಳೂರಿನಲ್ಲಿ ಹೊಂದಿಸಿದ ಕಾರು ಇಲ್ಲಿ ಕಪ್ಪು ಹೊಗೆ ಬಿಡಬಹುದು. ಎಥೆನಾಲ್ ಬೆರೆತ ಪೆಟ್ರೋಲ್ ಅದಕ್ಕೆ ವಿರುದ್ಧವಾಗಿ ಮಿಶ್ರಣವನ್ನು ತೆಳುವಾಗಿಸುತ್ತದೆ. ಆದ್ದರಿಂದ ಕುಶಾಲನಗರದಿಂದ ಆನೆಕಾಡು ದಾಟಿ ಸುಂಟಿಕೊಪ್ಪದ ಕಡೆಗೆ ಏರುವಾಗ, ರಸ್ತೆ ಅಗಲವಿರುವಲ್ಲಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ನಾಲ್ಕೂ ಪ್ಲಗ್‌ಗಳನ್ನು ಬಿಚ್ಚಿ ನೋಡಿ. ತುದಿ ಮಸಿ ಕಪ್ಪಾಗಿದ್ದರೆ ನಟ್ಟನ್ನು ಒಂದು ಮುಖ ಮೇಲಕ್ಕೆ, ಬೆಳ್ಳಗಿದ್ದರೆ ಒಂದು ಮುಖ ಕೆಳಕ್ಕೆ. ನಾಲ್ಕೂ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಮತ್ತೆ ಏನನ್ನೂ ಮುಟ್ಟಬೇಡಿ.